ಬಾಗಿಲ ಬಳಿಯ ಚಪ್ಪಲಿ

ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ಅಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಳೆದವಳು ಸುರೈಯಾ. ಓದು ಮುಗಿಸಿ ಯುನುಸ ಸಾಹೇಬರ ವರ್ಕ್‌ಶಾಪು ಸೇರಿದಳು. ಕೋಲ್ಡ್ ಸ್ಟೋರೇಜುಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡುವುದು ಅಲ್ಲಿಯ ಕೆಲಸ. ಪೆಟ್ಟಿಗೆಯ ಗುಂಡಿ, ಕ್ಯಾಮೆರಾಗಳ ಸುದ್ದಿಯನ್ನು ಪ್ರೊಸೆಸರಿಗೆ ಮುಟ್ಟಿಸುವ, ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ಇವಳ ಪಾಲು.

ಟಿಕೋಟಾದ ಒಣದ್ರಾಕ್ಷಿ ಸ್ಟೋರೇಜಿನಲ್ಲಿ ಪೆಟ್ಟಿಗೆ ಕೂರಿಸಿದ ದಿನ, ಪರೀಕ್ಷೆಗೆಂದು ತಾನೇ ಒಳಹೊಕ್ಕಳು. ತಿನ್ನುವ ಮಾಲು ಇರುವ ಜಾಗವೆಂದು ಇಂಥ ಸ್ಟೋರೇಜುಗಳಲ್ಲಿ ಎಲ್ಲರೂ ಚಪ್ಪಲಿ ಹೊರಗೇ ಬಿಡುತ್ತಿದ್ದರು, ಇವಳೂ ಬಿಟ್ಟಳು. ಬಾಗಿಲು ಮುಚ್ಚಿತು. ಒಳಗೋಡೆಯ ಕೆಂಪು ಗುಂಡಿ ಒತ್ತಿದರೆ ಬಾಗಿಲನ್ನು ಹಿಡಿದಿಟ್ಟ ಅಯಸ್ಕಾಂತ ಬಿಡಬೇಕು. ಬಿಡಲಿಲ್ಲ.

ಮತ್ತೆ ಒತ್ತಿದಳು. ಕೂಗಿದಳು. ದಪ್ಪ ಗೋಡೆ ದನಿಯನ್ನು ನುಂಗಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ನೆಲದ ತಂಪು ಅಂಗಾಲಿನಿಂದ ಮೊಣಕಾಲಿಗೆ ಏರುತ್ತಿದ್ದಾಗ ತನ್ನ ತಪ್ಪು ಹೊಳೆಯಿತು. ಕ್ಯಾಮೆರಾದ ಚಿತ್ರ ಬೇಗ ಮೂಡಲೆಂದು, ಗುಂಡಿಯ ಸುದ್ದಿ ಬಂದು ಬೀಳುವ ಜಾಗವನ್ನೂ ಸೇರಿಸಿ ಪೆಟ್ಟಿಗೆಯ ಇಡೀ ಮೆಮೊರಿಯನ್ನು ಕ್ಯಾಶ್ ಎಂಬ ತಾತ್ಕಾಲಿಕ ನೆನಪಿಗೆ ಒಪ್ಪಿಸಿದ್ದಳು. ಒಮ್ಮೆ ಓದಿದ್ದನ್ನು ಪ್ರೊಸೆಸರ್ ತನ್ನ ಬಳಿಯೇ ಇಟ್ಟುಕೊಂಡು, ಮತ್ತೆ ಕೇಳಿದಾಗ ಅದನ್ನೇ ಹೇಳುತ್ತದೆ. ಚಿತ್ರಕ್ಕೆ ನಡೆದೀತು, ಗುಂಡಿಯನ್ನು ಮಾತ್ರ ಪ್ರತಿಸಲ ಹೋಗಿ ನೋಡಲೇಬೇಕು. ವರ್ಕ್‌ಶಾಪಿನಲ್ಲಿ ಕ್ಯಾಮೆರಾ ಓಡುತ್ತಿದ್ದುದರಿಂದ ಹೊಸ ಚಿತ್ರಗಳು ಹಳೆಯದನ್ನು ಹೊರದಬ್ಬುತ್ತಿದ್ದವು, ಗುಂಡಿಯ ಹೊಸ ಸುದ್ದಿಯೂ ಸಿಗುತ್ತಿತ್ತು. ಇಲ್ಲಿ ಕ್ಯಾಮೆರಾ ಇನ್ನೂ ಜೋಡಿಸಿರಲಿಲ್ಲ. ಗುಂಡಿ ಒತ್ತಿದರೆ ಒಳಗೆ ಜನ ಇದ್ದಾರೆಂದು ತೋರಿಸಬೇಕಾದ ಹೊರಗಿನ ಪರದೆಯೂ ಬೆಳಗಿನ ಮಾತನ್ನೇ ಹೇಳುತ್ತಿರಬೇಕು: ಒಳಗೆ ಯಾರೂ ಇಲ್ಲ.

ಇದೇ ಡ್ರೈವರ್ ನಿನ್ನೆ ಬಬಲೇಶ್ವರದ ಸ್ಟೋರೇಜಿಗೂ ಹೋಗಿತ್ತು.

ಕರೆಂಟು ಹೋದರೆ ಅಯಸ್ಕಾಂತ ತಾನೇ ಬಿಡುತ್ತದೆ. ದಿನವೂ ಹೋಗುವ ಕರೆಂಟು ಅಂದು ಹೋಗಲೊಲ್ಲದು. ಬೆರಳು ಮಡಚದಾದವು.

ತಟ್ಟನೆ ದೀಪ ಆರಿತು. ಬಾಗಿಲು ಸಡಿಲಾಯಿತು, ತಳ್ಳಿ ಹೊರಬಂದಳು. ಬಿಸಿಲಲ್ಲಿ ರೇಣವ್ವ, ಮಾಲು ಆರಿಸುವ ಹೆಂಗಸು, ಒಂದು ಕೈ ಮೇನ್ ಸ್ವಿಚ್ಚಿನ ಮೇಲಿಟ್ಟು ನಿಂತಿದ್ದಳು.

"ಒಳಗ ಯಾರೂ ಇಲ್ಲಂತ ಪರದ್ಯಾಗ ಬಂದಿತ್ರಿ ಅಕ್ಕಾರ. ಮತ್ತ ಬರಿಗಾಲಲೆ ಎಲ್ಲಿಗಿ ಹೋಗ್ಯಾರ ಇವರು ಅಂದ್ಕೊಂಡೆ."

ಸುರೈಯಾ ಮೆಟ್ಟಿಲ ಮೇಲೆ ಕುಸಿದು ಬಬಲೇಶ್ವರಕ್ಕೆ ಫೋನ್ ಹಚ್ಚಿದಳು. ತಮ್ಮ ಪರದೆಯಲ್ಲೂ ಒಳಗೆ ಯಾರೂ ಇಲ್ಲವೆಂದೇ ಇದೆ, ಚಿಂತೆ ಬೇಡವೆಂದ ಅಲ್ಲಿಯ ಮ್ಯಾನೇಜರ್.

"ಪರದೆ ನೋಡಬ್ಯಾಡ್ರಿ," ಎಂದಳು. "ಬಾಗ್ಲಾಗ ಚಪ್ಲಿ ಅದಾವೇನು ನೋಡ್ರಿ."

ಆತ ನಡೆದುಹೋಗುವ ಸಪ್ಪಳ ಕೇಳಿಸಿತು.

"ಒಂದೂ ಇಲ್ರಿ."

ಆಮೇಲೆಯೇ ಅವಳು ಮರಗಟ್ಟಿದ ಕಾಲನ್ನು ಕೈಯಿಂದ ಎತ್ತಿ ತನ್ನ ಚಪ್ಪಲಿಯೊಳಗೆ ಇಟ್ಟುಕೊಂಡಳು.