ಚೀಟಿಯಕ್ಕ ಬರೆದ ಒಂದೇ ಸುಳ್ಳು

ನಮ್ಮ ಪ್ರಾಣಿ ಆಶ್ರಯದಲ್ಲಿ ಅವರನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುವುದು. ಬೀದಿಯಲ್ಲಿ ಸಿಕ್ಕ ನಾಯಿ ಬೆಕ್ಕುಗಳ ಗೂಡಿಗೆ ಒಂದೊಂದು ಚೀಟಿ ಬರೆದು ತೂಗುಹಾಕುವುದು ಅವರ ಕೆಲಸ. ನಾನು ವ್ಯಾನ್ ಓಡಿಸುವವನು. ಹಿಡಿದು ತರುವುದು ನನ್ನ ಪಾಲಿಗೆ, ಮನೆ ಸೇರಿಸುವುದು ಅವರ ಪಾಲಿಗೆ. ನಿಜ ಹೇಳಬೇಕೆಂದರೆ ಜನ ಪ್ರಾಣಿಯನ್ನು ನೋಡಿ ಒಯ್ಯುತ್ತಿರಲಿಲ್ಲ, ಚೀಟಿ ಓದಿ ಒಯ್ಯುತ್ತಿದ್ದರು. ‘ಒಂದು ಕಿವಿ ನಿಂತಿದೆ, ಇನ್ನೊಂದು ಬಿದ್ದಿದೆ. ಎರಡೂ ಚೆನ್ನಾಗಿ ಕೇಳುತ್ತವೆ.’ ಆ ನಾಯಿ ಮೂರೇ ದಿನಕ್ಕೆ ಹೋಯಿತು. ಒಂದು ಮುಂಗೋಪಿ ಬೆಕ್ಕಿಗೆ ‘ಕರೆದರೆ ಬರುವುದಿಲ್ಲ, ಸುಮ್ಮನಿದ್ದರೆ ತಾನೇ ಬಂದು ತೊಡೆಯೇರುತ್ತದೆ’ ಎಂದು ಬರೆದಿದ್ದರು. ಅದಕ್ಕಾಗಿ ಇಬ್ಬರು ಜಗಳವಾಡಿದರು. ಕುಂಟನ್ನು ಕುಂಟು ಎಂದೇ ಬರೆಯುತ್ತಿದ್ದರು, ಮುಚ್ಚಿಡುತ್ತಿರಲಿಲ್ಲ. ಹಾಗಾಗಿ ಅವರ ಚೀಟಿಯನ್ನು ಎಲ್ಲರೂ ನಂಬುತ್ತಿದ್ದರು.

ಅವರು ಇದ್ದದ್ದು ಒಂದು ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ. ಗಂಡ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಕೆಳಗಿನ ಮನೆಯೊಡತಿ ಇಲಿ ಬಂದರೂ ಯಾರನ್ನು ಕೇಳಿ ಬಂದೆ ಎನ್ನುವ ಹೆಂಗಸು. ಪ್ರಾಣಿ ಸಾಕುವ ಮಾತೇ ಇಲ್ಲ. ರಜೆಯ ದಿನ ಯಾರೊಡನೆಯೂ ಒಂದು ಮಾತಾಡದೆ ಸಂಜೆಯಾಗುತ್ತದೆ, ಮರುದಿನ ಬೆಳಿಗ್ಗೆ ಗಂಟಲು ಕಟ್ಟಿದ ಹಾಗಿರುತ್ತದೆ ಎಂದು ಒಮ್ಮೆ ನನಗೆ ಹೇಳಿದ್ದರು. ನಗುತ್ತಲೇ ಹೇಳಿದ್ದರು. ನಾನೂ ನಕ್ಕೆ, ಬುದ್ಧಿಯಿಲ್ಲದವನು.

ಅಜ್ಜನನ್ನು ತಂದವನು ನಾನೇ. ಅಜ್ಜ ಅಂದರೆ ನಾಯಿ. ಬಾಗಿಲು ಹಾಕಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿತ್ತು. ಮೂತಿಯೆಲ್ಲ ಬೆಳ್ಳಗೆ, ಕತ್ತಿನ ಸುತ್ತ ಪಟ್ಟಿ ಉಜ್ಜಿ ಕೂದಲು ಸವೆದ ಗುರುತು. ಯಾರೋ ವರ್ಷಗಟ್ಟಲೆ ಸಾಕಿ, ಮುದಿಯಾಯಿತೆಂದು ಬಿಟ್ಟುಹೋದದ್ದು. ಎತ್ತಿಕೊಂಡರೆ ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿತು. ಹದಿನೈದು ದಿನ ಕಾದೆವು, ಹುಡುಕಿಕೊಂಡು ಒಬ್ಬರೂ ಬರಲಿಲ್ಲ. ಅಷ್ಟೂ ದಿನ ಚೀಟಿಯಕ್ಕ ಮಧ್ಯಾಹ್ನದ ಡಬ್ಬಿಯನ್ನು ಅದರ ಗೂಡಿನ ಮುಂದೆಯೇ ಬಿಚ್ಚಿದರು. ಅವರು ಮಾತಾಡುವುದು, ಅದು ಕೇಳುವುದು. ಹದಿನಾರನೇ ದಿನದಿಂದ ಅದನ್ನು ಯಾರು ಬೇಕಾದರೂ ಒಯ್ಯಬಹುದಿತ್ತು. ಆ ದಿನ ಅವರು ಗೂಡಿಗೆ ಚೀಟಿ ಹಾಕಿದರು. ‘ಕಚ್ಚುತ್ತದೆ.’ ಒಂದೇ ಪದ.

“ಅಕ್ಕಾ, ಇದೇನ್ ಬರೆದಿದ್ದೀರಿ? ಇದು ನೊಣಾನೂ ಕಚ್ಚಲ್ಲ.”

“ನಿನ್ನ ಕೆಲಸ ನೀನ್ ನೋಡ್ಕೋ. ವ್ಯಾನ್ ತೊಳೆದಿದ್ದೀಯಾ?”

ನಾನು ವ್ಯಾನ್ ತೊಳೆಯಲು ಹೋದೆ. ಎರಡು ತಿಂಗಳು ಆ ಗೂಡಿನ ಹತ್ತಿರ ಯಾರೂ ಸುಳಿಯಲಿಲ್ಲ. ಅಕ್ಕನ ಮುಖದಲ್ಲಿ ಒಂದು ಕಳೆ ಬಂದಿತ್ತು, ಅದನ್ನೂ ಹೇಳಬೇಕು.

ಆಮೇಲೆ ಒಂದು ಗುರುವಾರ ಆಶ್ರಯದ ಉಸ್ತುವಾರಿ ನೋಡುವ ಡಾಕ್ಟರು ಪಟ್ಟಿ ಹಿಡಿದು ಬಂದರು. ಜಾಗ ಸಾಲದು, ಕಚ್ಚುವ ನಾಯಿಗಳನ್ನೆಲ್ಲ ಸೋಮವಾರ ಊರಾಚೆಯ ಶೆಡ್ಡಿಗೆ ಸಾಗಿಸಬೇಕು. ಅಲ್ಲಿಗೆ ನೋಡಲು ಯಾರೂ ಹೋಗುವುದಿಲ್ಲ, ಅಲ್ಲಿಂದ ಒಂದು ಮನೆ ಸೇರಿದ ನಾಯಿಯನ್ನು ನಾನಂತೂ ಕಂಡಿಲ್ಲ. ಪಟ್ಟಿಯಲ್ಲಿ ಅಜ್ಜನೂ ಇತ್ತು.

“ಡಾಕ್ಟ್ರೇ, ಅದು ಕಚ್ಚಲ್ಲ. ನನ್ನ ಚೀಟಿ ತಪ್ಪು,” ಎಂದರು ಅಕ್ಕ.

“ನಿಮ್ಮ ಚೀಟಿ ಯಾವತ್ತಾದ್ರೂ ತಪ್ಪಾಗಿದೆಯೇನಮ್ಮಾ? ಪಾಪ ಅನ್ನಿಸಿ ಹೀಗೆ ಹೇಳ್ತಿದ್ದೀರಿ. ಚೀಟಿ ಹಾಗೇ ಇರ್ಲಿ, ತೆಗೀಬೇಡಿ. ಸೋಮವಾರದೊಳಗೆ ಯಾರಾದ್ರೂ ಬರೆದುಕೊಟ್ಟು ತಗೊಂಡ್ ಹೋದ್ರೆ ಹೋಗ್ಲಿ.”

ಆ ಸಂಜೆ ಅಕ್ಕ ಮನೆಯೊಡತಿಯ ಮುಂದೆ ಕೈಮುಗಿದು ನಿಂತರಂತೆ. ನಾಯಿ ಬೇಕೋ ಕೋಣೆ ಬೇಕೋ ಎಂದಳಂತೆ ಆಕೆ. ಮರುದಿನ ನನಗೆ ಸಿಟ್ಟು ತಡೆಯಲಾಗಲಿಲ್ಲ. ಕೈಯಾರೆ ಅದರ ಬಾಳು ಹಾಳು ಮಾಡಿದಿರಿ ಎಂದು ಕೂಗಾಡಿದೆ. ಅಕ್ಕ ತಲೆ ಎತ್ತಲಿಲ್ಲ.

“ಊಟಕ್ಕೆ ಒಂದು ಜೊತೆ ಆಗಿತ್ತು ಕಣಪ್ಪ. ಅಷ್ಟೇ.”

ಶನಿವಾರ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರು ಬಂದರು. “ನಮ್ಮವಳು ಮಂಚ ಬಿಟ್ಟು ಏಳಲ್ಲ ತಾಯಿ. ನಾನು ಅಂಗಡಿಗೆ ಹೋದ್ರೆ ಒಬ್ಬಳೇ. ಪಕ್ಕದಲ್ಲಿ ಸುಮ್ನೆ ಬಿದ್ಕೊಂಡಿರೋ ಅಂಥದ್ದು ಬೇಕು. ವಯಸ್ಸಾಗಿದ್ರೂ ಪರವಾಗಿಲ್ಲ,” ಎಂದರು. ಒಂದೊಂದೇ ಚೀಟಿ ಓದುತ್ತ ಅಜ್ಜನ ಗೂಡಿಗೆ ಬಂದರು, ಸರಳಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು, ಮುಂದೆ ನಡೆದರು.

“ಯಜಮಾನ್ರೇ, ನಿಲ್ಲಿ,” ಎಂದರು ಅಕ್ಕ. ಗೂಡಿನ ಚಿಲಕ ತೆಗೆದು ನೆಲದ ಮೇಲೆ ಕೂತು, ತಮ್ಮ ಬಲಗೈಯನ್ನು ಮಣಿಕಟ್ಟಿನವರೆಗೂ ಅಜ್ಜನ ಬಾಯೊಳಗಿಟ್ಟರು. ಬಾಯಿ ಮುಚ್ಚಿದರೆ ಅವರಿಗೆಲ್ಲಿ ನೋವಾದೀತೋ ಎಂದು ಆ ಮುದಿ ಜೀವ ಬಾಯಿ ತೆರೆದುಕೊಂಡೇ ನಿಂತಿತು, ಜೊಲ್ಲು ಸುರಿಸುತ್ತ.

“ಮತ್ತೆ ಇದನ್ನ ಬರೆದೋರು ಯಾರು?”

“ನಾನೇ. ಯಾರೂ ತಗೊಂಡ್ ಹೋಗ್ಬಾರ್ದು ಅಂತ.”

ಮುದುಕರು ಅವರನ್ನೇ ನೋಡುತ್ತ ನಿಂತರು. “ನೀವೇ ಸಾಕ್ಕೋಬಹುದಿತ್ತಲ್ಲಮ್ಮಾ.”

“ಸಾಕೋ ಹಾಗಿದ್ದಿದ್ರೆ ನಿಮ್ಮ ಮುಂದೆ ಹೀಗೆ ಕೂತಿರ್ತಿದ್ನಾ?”

ಮುದುಕರು ಸಹಿ ಹಾಕಿದರು.

ಗೇಟಿನವರೆಗೆ ಎಲ್ಲ ಸರಿಯಿತ್ತು. ಅಲ್ಲಿ ಅಜ್ಜ ಕೂತುಬಿಟ್ಟಿತು. ಮುದುಕರು ಹಗ್ಗ ಎಳೆದರು, ನಾನು ಎತ್ತಲು ಹೋದೆ. ಎಂದೂ ಇಲ್ಲದ್ದು ನನ್ನ ಮೇಲೆ ಗುರುಗುಟ್ಟಿತು. ಮುದುಕರ ಮುಖದಲ್ಲಿ ಮತ್ತೆ ಅನುಮಾನ. ಅಜ್ಜನ ಕಣ್ಣು ಮಾತ್ರ ಅಕ್ಕನ ಮೇಲೆಯೇ. ಅಕ್ಕ ಹತ್ತಿರ ಹೋದರು. ತಲೆ ಸವರುತ್ತಾರೆ ಎಂದುಕೊಂಡೆ.

“ಏಳು! ನಡಿ ಇಲ್ಲಿಂದ! ಹೋಗು ಅಂದ್ನಲ್ಲ!”

ಆ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿಯೇ ಇರಲಿಲ್ಲ. ಅಜ್ಜ ಬೆಚ್ಚಿ ಎದ್ದಿತು, ಬಾಲ ಮುದುರಿಕೊಂಡು ಮುದುಕರ ಹಿಂದೆ ನಡೆಯಿತು. ರಸ್ತೆ ತಿರುವಿನಲ್ಲಿ ಒಮ್ಮೆ ನಿಂತು ಹಿಂದಕ್ಕೆ ನೋಡಿತು. ಅಕ್ಕ ಹೊಡೆಯುವವರ ಹಾಗೆ ಕೈ ಬೀಸಿದರು. ಮತ್ತೆ ಅದು ತಿರುಗಲಿಲ್ಲ.

ಅವರು ಗೇಟು ಹಿಡಿದುಕೊಂಡೇ ನಿಂತಿದ್ದರು.

“ಅದನ್ನ ಬಿಟ್ಟುಹೋದೋರಲ್ಲಿ ಈಗ ನಾನೂ ಒಬ್ಬಳಾದೆ, ಅಲ್ವೇನೋ?”

ಅಲ್ಲಕ್ಕಾ ಎನ್ನಬೇಕಿತ್ತು. ಹೋಗಿ ವ್ಯಾನ್ ತೊಳೆದೆ.