ಅಂಗೈ ಅಗಲದ ಪತ್ರಿಕೆಗಳು

ಕೊಲ್ಲಿ ನಾಡಿನ ಮುಶೈರಿಬ್ ಪೇಟೆಯ ಬೈಂಡಿಂಗ್ ಅಂಗಡಿಯಲ್ಲಿ ನನ್ನ ಪಕ್ಕದ ಮೇಜಿನವರು ಉಡುಪಿ ಕಡೆಯವರು. ಹಳೆಯ ಕಾಗದ ಮುಟ್ಟುವ ಮೊದಲು ಕೈ ತೊಳೆದು, ಒರೆಸಿ, ಪೂರ್ತಿ ಒಣಗಿದೆಯೇ ಎಂದು ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ಗಿರಾಕಿಗಳು ಬೇಗ ಬೇಕೆಂದರೆ, "ಅವಸರ ಮಾಫಿ ಮಾರಾಯ್ರೆ" ಎನ್ನುತ್ತಿದ್ದರು. ಮಾಫಿ ಎಂದರೆ ಅಲ್ಲಿನ ಅರಬಿಯಲ್ಲಿ 'ಇಲ್ಲ'.

ಒಮ್ಮೆ ಬೊಲಿವಿಯಾ ದೇಶದ ನರ್ಸ್ ಒಬ್ಬರು ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬ ಅಂಗೈ ಅಗಲದ ಪತ್ರಿಕೆಗಳು. ಅವರ ಊರಿನಲ್ಲಿ ಪುಟಾಣಿ ವಸ್ತುಗಳದ್ದೇ ಒಂದು ಹಬ್ಬವಂತೆ. ಆಗ ಮಂತ್ರಿಗಳನ್ನು ಗೇಲಿ ಮಾಡಲು ಇವು ಅಚ್ಚಾಗುತ್ತವಂತೆ. ತೀರಿಕೊಂಡ ಅಪ್ಪ ಕೂಡಿಟ್ಟಿದ್ದವು, ಮುಟ್ಟಿದರೆ ಪುಡಿಯಾಗುತ್ತಿದ್ದವು.

"ಮೊದಲು ಓದಿ ಹೇಳಮ್ಮ. ಜೋಕು ಎಲ್ಲಿದೆ ಅಂತ ಗೊತ್ತಾಗದೆ ಅಂಟು ಹಚ್ಚುವುದು ಹೇಗೆ?" ಎಂದರು ಪಕ್ಕದ ಮೇಜಿನವರು.

ಆಕೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಇವರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು.

ಒಂದು ಪತ್ರಿಕೆಯಲ್ಲಿ ಜೋಕಿನ ಕೊನೆಯ ಸಾಲನ್ನೇ ಹುಳು ತಿಂದಿತ್ತು. "ಅವರನ್ನೇ ಕೇಳಿ, ಪ್ರಿಂಟ್ ತೆಗೆದು ಅಂಟಿಸುವ" ಎಂದೆ ನಾನು.

"ಬೇಡ. ಇಲ್ಲದ್ದನ್ನು ಇದೆ ಅಂತ ತೋರಿಸಬಾರದು."

ಹಿಂದಿನಿಂದ ತೆಳು ಕಾಗದ ಆನಿಸಿ, ಆ ಜಾಗವನ್ನು ಖಾಲಿಯೇ ಬಿಟ್ಟರು.

ತಿಂಗಳ ಮೇಲೆ ಆಕೆ ಬಂದು, ಅದನ್ನು ಬೆಳಕಿಗೆ ಹಿಡಿದು ಓದತೊಡಗಿದರು. ಖಾಲಿ ಜಾಗ ಬಂದಾಗ ನಿಂತರು. ಮರುಕ್ಷಣ ಗದ್ದ ಒಳಗೆಳೆದು, ಗಂಡಸಿನ ದಪ್ಪ ದನಿಯಲ್ಲಿ, ತಮ್ಮ ಭಾಷೆಯಲ್ಲೇ ಆ ಸಾಲು ಹೇಳಿಬಿಟ್ಟರು. "ಅಪ್ಪ ಹೀಗೇ ಹೇಳುತ್ತಿದ್ದರು" ಎಂದು ನಕ್ಕರು. ನಗುತ್ತಲೇ ಅತ್ತರು.

ನಮಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಇವರು ತಮ್ಮ ಸ್ಟೂಲನ್ನು ಆಕೆಯತ್ತ ಸರಿಸಿದರು.

"ಕೂತುಕೋ ಅಮ್ಮ. ಇನ್ನೊಮ್ಮೆ ಹೇಳು."