ಸಾಹೇಬರ ದುರ್ಬೀನು

ಮಳೆಗಾಲ ಬಂತೆಂದರೆ ನಮ್ಮ ಮನೆಯ ದುರ್ಬೀನಿನ ಚರ್ಮದ ಪೆಟ್ಟಿಗೆಗೆ ಬೂಸಲು ಹಿಡಿಯುತ್ತದೆ. ಮೊನ್ನೆ ಒರೆಸಲೆಂದು ಮುಚ್ಚಳ ತೆಗೆದೆ. ಒಳಗೆ ಅತ್ತರಿನ ವಾಸನೆ ಇನ್ನೂ ಚೂರು ಉಳಿದಿತ್ತು... ಅದನ್ನು ಪೂಸಿಕೊಳ್ಳುತ್ತಿದ್ದ, ಹಿಂದೆ ಪಕ್ಕದ ಮನೆಯಲ್ಲಿದ್ದ ಸಾಹೇಬರ ಹೆಂಡತಿ ನೆನಪಾದರು.

ಅರವತ್ತರ ದಶಕದ ಮೊದಲಲ್ಲಿ ನಾನು ಹೊನ್ನಾವರದ ಶಾಲೆಗೆ ಕಲಿಸಲು ಬಂದ ಹೊಸ ಅಕ್ಕೋರು. ಶಾಲೆ ಬಿಟ್ಟರೆ ಅವರ ಜಗಲಿ. ಸಾಹೇಬರು ಮುಂಬಯಿಯ ಹಡಗಿನಲ್ಲಿ ದುಡಿದು ಬಂದವರು. ಜೀವಮಾನವೆಲ್ಲ ಕಡಲು ನೋಡಿ ಸಾಕಾಗಿತ್ತೋ ಏನೋ, ಊರಿಗೆ ಬಂದವರೇ ದುರ್ಬೀನನ್ನು ಗೇರುಸೊಪ್ಪೆ ಘಟ್ಟದ ಕಡೆ ತಿರುಗಿಸಿದರು. ಬೆಳಗಿನ ಬಸ್ಸು ಹತ್ತಿ ಘಟ್ಟದ ನೆತ್ತಿಯ ಕಾಡಿಗೆ ಹೋದರೆ ಸಂಜೆಗೇ ವಾಪಸು. ಅಲ್ಲಿ ಒಂದು ಮರದ ಪೊಟರೆಯಲ್ಲಿ ಪ್ರತಿವರ್ಷ ಮಂಗಟ್ಟೆ ಹಕ್ಕಿಯ ಸಂಸಾರ. ಹೆಣ್ಣು ಮೊಟ್ಟೆಯಿಡಲು ಒಳಗೆ ಸೇರಿ ಬಾಗಿಲು ಮೆತ್ತಿಕೊಳ್ಳುತ್ತದೆ, ಮರಿ ಬಲಿತು ಅದು ಬಾಗಿಲು ಒಡೆದು ಬರುವವರೆಗೆ ಗಂಡು ಸಣ್ಣ ಸೀಳಿನಿಂದ ಹಣ್ಣು ಉಣಿಸುತ್ತದೆ. ಸಾಹೇಬರು ಇದನ್ನು ಹೇಳತೊಡಗಿದರೆ ಹೆಂಡತಿ ಮೀನು ಕೊಯ್ಯುವುದನ್ನೂ ಬಿಟ್ಟು ಕೇಳುತ್ತಿದ್ದರು.

"ನಂಗೂ ಒಂದ್ಸಲ ತೋರ್ಸಿ ಅಂದ್ರೆ ಬರೋ ವರ್ಷ ಅಂತಾರೆ ಅಕ್ಕೋರೇ. ಇವರ ಬರೋ ವರ್ಷ ಬರೂದೇ ಇಲ್ಲ," ಎಂದು ನಗುತ್ತಿದ್ದರು.

"ಭಾರೀ ನಡಿಯೂದುಂಟು. ನಿನ್ನ ಕಾಲಿಗೆ ಆಗೂದಲ್ಲ," ಎನ್ನುತ್ತಿದ್ದರು ಸಾಹೇಬರು. ಕಾಲಲ್ಲದಿದ್ದರೆ ರಕ್ತ ಹೀರುವ ಉಂಬಳ, ಉಂಬಳವಲ್ಲದಿದ್ದರೆ ಬಿಸಿಲು. ನೆಪಕ್ಕೇನು ಬರವೇ?

ಒಂದು ವರ್ಷ, ಹೆಣ್ಣು ಪೊಟರೆ ಸೇರಿತೆಂದು ಬಂದು ಹೇಳಿದ ವಾರದಲ್ಲೇ ಸಾಹೇಬರು ಎದೆನೋವಿನಿಂದ ತೀರಿಕೊಂಡರು. ಹೆಂಡತಿ ಇದ್ದತ್‌ಗೆ ಕೂತರು. ಗಂಡ ಹೋದ ಮೇಲೆ ಅವರಲ್ಲಿ ಹೆಂಗಸರು ನಾಲ್ಕು ತಿಂಗಳಿಗೂ ಹೆಚ್ಚು ಹೊಸಿಲು ದಾಟುವುದಿಲ್ಲ. ನಾನು ಹೋದಾಗಲೆಲ್ಲ ಅವರದು ಒಂದೇ ಚಿಂತೆ.

"ಗಂಡಿಗೆ ಯಾರಾದ್ರೂ ಗುಂಡು ಹೊಡೆದ್ರೆ ಒಳಗಿದ್ದದ್ರ ಗತಿ ಎಂತ ಅಕ್ಕೋರೇ?"

 

ಅವಧಿ ಮುಗಿದದ್ದೇ ತಡ, ದುರ್ಬೀನು ಹೆಗಲಿಗೇರಿಸಿ ಸುರಿಯುವ ಮಳೆಯಲ್ಲಿ ನನ್ನನ್ನೂ ಹೊರಡಿಸಿದರು. ಸಾಹೇಬರು ಇಳಿಯುತ್ತಿದ್ದ ತಿರುವೂ ಅವರ ಹಕ್ಕಿಯ ಮರವೂ ಕಂಡಕ್ಟರನಿಗೆ ಗೊತ್ತಿತ್ತು. ಬಸ್ಸು ಇಳಿದವರು ಹುಡುಕಬೇಕಾಗಲೇ ಇಲ್ಲ, ಮರ ರಸ್ತೆಯಿಂದಲೇ ಕಾಣುತ್ತಿತ್ತು. ಪೊಟರೆಯ ಬಾಗಿಲು ಒಡೆದಿತ್ತು, ಒಳಗೆ ಖಾಲಿ. ಅವರು ಬಹಳ ಹೊತ್ತು ದುರ್ಬೀನು ಹಿಡಿದು ನೋಡಿದರು.

"ಹೊರಗೆ ಬಂದ್ಳಲ್ಲ, ಆತು," ಎಂದರು. ಆಮೇಲೆ ರಸ್ತೆಯ ಕಡೆ ತಿರುಗಿ, "ಇಷ್ಟೇ ದೂರವಾ? ನಂಗೆ ನಡೀಲಿಕ್ಕೆ ಆಗ್ತಿತ್ತಲ್ಲ ಅಕ್ಕೋರೇ..."

ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ. ನನಗೆ ಸಾಹೇಬರ ಮೇಲೆ ಆವತ್ತು ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ನನಗೆ ಕುಮಟೆಗೆ ವರ್ಗವಾದಾಗ ದುರ್ಬೀನನ್ನು ಅವರೇ ನನ್ನ ಕೈಗಿಟ್ಟರು. ಅವರು ಹೋಗಿಯೂ ಎಷ್ಟೋ ವರ್ಷವಾಯಿತು. ಮೊನ್ನೆ ಬೂಸಲನ್ನು ಹೊರಗಿನಿಂದಷ್ಟೇ ಒರೆಸಿ, ಮುಚ್ಚಳವನ್ನು ಬೇಗ ಮುಚ್ಚಿಬಿಟ್ಟೆ. ಆ ವಾಸನೆ ಇದ್ದಷ್ಟು ದಿನ ಇರಲಿ...